ಫ್ರೀಜರಿನಲ್ಲಿ ಬೆಚ್ಚನೆಯ ಕಲ್ಲು

ಮಗಳ ಡಬ್ಬಿಗೆ ನೀರುದೋಸೆ ಮಡಚಿ ಹಾಕುತ್ತಿದ್ದೆ. ಎರಡು ದೋಸೆಗಳ ನಡುವೆ ಬೆಲ್ಲ ಬೆರೆಸಿದ ಕಾಯಿತುರಿ ಇಟ್ಟರೆ ಅವು ಒಂದಕ್ಕೊಂದು ಅಂಟುವುದಿಲ್ಲ. ಅಂಟಿದರೆ ಡಬ್ಬಿ ಹಾಗೆಯೇ ವಾಪಸು ಬರುತ್ತದೆ. ಅವಳು ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತ, ಪಪ್ಪನ ಕಲ್ಲಿಗೆ ಈಗ ಜ್ವರ ಎಷ್ಟಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಮನೆಯ ಕೊಂಕಣಿಯಲ್ಲಿ, ನಿನಗಿಂತ ಜೋರಿದೆ, ಬೇಗ ಹೊರಡು ಎಂದೆ. ಸ್ಕೂಲ್ ಬಸ್ಸಿನ ಆಯಾ ಕೆಳಗಿನಿಂದ ಮಿಸ್ಡ್ ಕಾಲ್ ಕೊಟ್ಟಳು. ಲಿಫ್ಟಿನವರೆಗೆ ಹೋಗಿ ಮಗಳ ಹಣೆಯ ಮೇಲೆ ಶಿಲುಬೆಯ ಗುರುತು ಮಾಡಿ ಬಂದೆ. ಸೆಪ್ಟೆಂಬರಿನ ಆರಂಭ. ಕಾರಿಡಾರಿನ ಕಿಟಕಿಯ ಗಾಜು ಆ ಹೊತ್ತಿಗಾಗಲೇ ಹೊರಗಿನಿಂದ ಬೆವರಿ, ಮರಳುಗಾಡಿನಂಚಿನ ಮುಸಫ್ಫಾದ ಕಾರ್ಖಾನೆ ಶೆಡ್ಡುಗಳೆಲ್ಲ ಹಾಲಿನಲ್ಲಿ ಅದ್ದಿಟ್ಟ ಹಾಗೆ ಕಾಣುತ್ತಿದ್ದವು.

ಒಳಗೆ ಬಂದರೆ ನನ್ನ ಗಂಡ ಅಡುಗೆಮನೆಯ ಪೆಟ್ಟಿಗೆ ಫ್ರೀಜರಿನ ಮುಚ್ಚಳ ಎತ್ತಿ, ಮೊಬೈಲಿನ ಬೆಳಕು ಬಿಟ್ಟುಕೊಂಡು ಬಗ್ಗಿ ನಿಂತಿದ್ದರು. ಬಾ, ನೋಡು ಎಂದು ಕರೆದರು. ಫ್ರೀಜರಿನ ಗೋಡೆಗಳಿಗೆ ಸುತ್ತಲೂ ಬೆಳ್ಳಗೆ ಹಿಮ ಹಿಡಿದಿತ್ತು. ನಡುವೆ, ನಮ್ಮ ಮನೆಯ ದೊಡ್ಡ ಬೈಬಲ್ಲನ್ನು ಬಿಡಿಸಿಟ್ಟಷ್ಟು ಅಗಲದ ಕಾಂಕ್ರೀಟಿನ ಹಲಗೆ ಈಗಷ್ಟೇ ತೊಳೆದ ಮೆಟ್ಟಿಲಿನ ಹಾಗೆ ಒದ್ದೆಯಾಗಿ ಕಪ್ಪಗೆ ಹೊಳೆಯುತ್ತಿತ್ತು. ಹಿಂದಿನ ಸಂಜೆಯವರೆಗೆ ಅದರ ಮೇಲೆ ಬೆರಳು ದಪ್ಪದ ಮಂಜುಗಡ್ಡೆ ಇತ್ತು. ರಾತ್ರಿ ನಾವು ರೋಸರಿ ಜಪಕ್ಕೆ ಕೂರುವ ಮೊದಲು ಅವರು ಅದಕ್ಕೆ ಕರೆಂಟು ಕೊಟ್ಟಿದ್ದರು.

ಅವರು ಮುಸಫ್ಫಾದ ಒಂದು ಕಾಂಕ್ರೀಟ್ ಯಾರ್ಡಿನಲ್ಲಿ ಸುಪರ್‌ವೈಸರ್. ಫುಟ್‌ಪಾತಿನ ಹಲಗೆ, ಚರಂಡಿಯ ಮುಚ್ಚಳ, ಪಾರ್ಕಿಂಗಿನ ತಡೆಗಲ್ಲು, ಇಂಥವನ್ನು ಅಚ್ಚಿನಲ್ಲಿ ಎರಕ ಹೊಯ್ದು ಕಳಿಸುವುದು ಅಲ್ಲಿಯ ಕೆಲಸ. ಆ ವರ್ಷ ದೂರದ ಒಂದು ಚಳಿ ದೇಶದಿಂದ ಬೇಡಿಕೆ ಬಂದಿತ್ತು. ಕಾಂಕ್ರೀಟಿನ ಹೊಟ್ಟೆಯೊಳಗೇ ಬಿಸಿಯಾಗುವ ತಂತಿಯನ್ನು ಹಾಸಿ ಹಲಗೆ ಮಾಡಬೇಕು. ಚಳಿಗಾಲದಲ್ಲಿ ಕರೆಂಟು ಕೊಟ್ಟರೆ ಮೇಲೆ ಬಿದ್ದ ಹಿಮ ಅಲ್ಲೇ ಕರಗಿ ಹರಿದುಹೋಗಬೇಕು. ವಯಸ್ಸಾದವರ ಒಂದು ಆಶ್ರಮದ ಬಾಗಿಲಿನಿಂದ ರಸ್ತೆಯವರೆಗಿನ ದಾರಿಗಂತೆ. ಇಸ್ತ್ರಿ ಪೆಟ್ಟಿಗೆಯ ಹಾಗೆ ಎಂದು ಅವರು ನನಗೆ ವಿವರಿಸಿದ್ದರು, ಆದರೆ ಅಷ್ಟು ಬಿಸಿಯಲ್ಲ, ಕೈಯಿಟ್ಟರೆ ಬರೀ ಉಗುರು ಬೆಚ್ಚಗೆ. ಯಾರ್ಡಿನ ಪರೀಕ್ಷೆಯ ಕೋಲ್ಡ್ ರೂಮು ಅದೇ ವಾರ ಕೆಟ್ಟು ಕುಳಿತಿತ್ತು. ಆಗ ಅವರಿಗೆ ನೆನಪಾದದ್ದು ನನ್ನ ಫ್ರೀಜರು.

ಅದರಲ್ಲಿದ್ದ ಮೀನೆಲ್ಲ ಎದುರು ಮನೆಗೆ ಹೋಯಿತು. ಅಲ್ಲಿಯವರು ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಮರು, ಗಂಡನದು ಟಯರಿನ ಅಂಗಡಿ. ಆ ಮನೆಯಾಕೆ ಊರಿನಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವ ರೂಢಿಯಂತೆ ನನ್ನನ್ನು ಬಾಯಮ್ಮ ಎನ್ನುತ್ತಾರೆ, ನಾನು ಅವರನ್ನು ಅಕ್ಕ ಎನ್ನುತ್ತೇನೆ. ಚೀಲ ತೆಗೆದುಕೊಳ್ಳುವಾಗ, "ನಿಮ್ಮ ಬಂಗುಡೆಗೆ ನಮ್ಮಲ್ಲಿ ವಿಸಿಟ್ ವೀಸಾ ಮಾತ್ರ ಬಾಯಮ್ಮ, ಜಾಸ್ತಿ ದಿನ ಕೂತರೆ ಸಾರಿಗೆ ಹಾಕ್ತೇನೆ" ಎಂದು ನಕ್ಕಿದ್ದರು.

ಮಗಳನ್ನು ಬಸ್ಸಿಗೆ ಕಳಿಸಿದ ಆ ದಿನ ಸಂಜೆ ನಾಲ್ಕರ ಮೇಲೆ ಚಳಿ ದೇಶದವರು ವೀಡಿಯೋ ಕಾಲಿನಲ್ಲಿ ಹಲಗೆಯನ್ನು ನೋಡುವುದಿತ್ತು. ಸುತ್ತಲೂ ಹಿಮ ಹಿಡಿದಿರಬೇಕು, ಹಲಗೆಯ ಮೇಲೆ ಮಾತ್ರ ನೀರು ನೀರಾಗಿಯೇ ಇರಬೇಕು. ಅವರಿಗೆ ಒಪ್ಪಿಗೆಯಾದರೆ ಸರಕಿನ ಜೊತೆಗೆ ನನ್ನ ಗಂಡನೂ ಹೋಗುವುದೆಂದು ಮಾತಾಗಿತ್ತು. ಹಾಸುವುದು, ಜೋಡಿಸುವುದು, ಮೊದಲ ಹಿಮ ಬಿದ್ದಾಗ ಜೊತೆಗಿದ್ದು ನೋಡಿಕೊಳ್ಳುವುದು, ಹೀಗೆ ಇಡೀ ಚಳಿಗಾಲ. ಫ್ಯಾಮಿಲಿಗೆ ಅವಕಾಶವಿಲ್ಲ. ಅದನ್ನು ಅವರು ಊಟದ ತಟ್ಟೆಯನ್ನೇ ನೋಡುತ್ತ ಹೇಳಿದ್ದರು. ಸಾರು ಬಡಿಸುತ್ತಿದ್ದ ನಾನು ಇನ್ನೊಂದು ಸೌಟು ಹಾಕಿದೆ. ನಮ್ಮ ಶಾಲೆಯ ಸಿಸ್ಟರುಗಳು ಕಲಿಸಿದ್ದು ಅದನ್ನೇ: ನೋವಾದರೆ ದೇವರಿಗೆ ಒಪ್ಪಿಸು, ಮುಖಕ್ಕೆ ತರಬೇಡ. ಕಲಿತದ್ದು ಎಷ್ಟು ಚೆನ್ನಾಗಿ ಮೈಗೆ ಹತ್ತಿದೆಯೆಂದರೆ, ನನಗೆ ನೋವಾಗಿದೆಯೋ ಇಲ್ಲವೋ ನನಗೇ ಎಷ್ಟೋ ಸಲ ತಡವಾಗಿ ತಿಳಿಯುತ್ತದೆ.

ಈ ಅರಬ್ ನಾಡಿನ ಚಳಿಗಾಲ ಏನೆಂದು ಊರಿನವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ನಮಗೆ ಅದು ಬಾಗಿಲು ತೆರೆಯುವ ಕಾಲ. ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಕಿಟಕಿ ತೆರೆಯುವ ಹಾಗಿಲ್ಲ; ತೆರೆದರೆ ಬಾಣಲೆಯ ಮುಚ್ಚಳ ತೆಗೆದ ಹಾಗೆ ಆವಿ ಮುಖಕ್ಕೆ ಹೊಡೆಯುತ್ತದೆ. ನನಗೆ ಕಾರು ಬಿಡಲು ಬಾರದು, ರೋಡ್ ಟೆಸ್ಟಿನಲ್ಲಿ ನಪಾಸಾಗಿ ಬಿಟ್ಟವಳು. ಬಸ್ ಸ್ಟಾಪಿಗೆ ಹೋಗುವಷ್ಟರಲ್ಲಿ ತಲೆ ತಿರುಗುತ್ತದೆ. ನನ್ನ ವೀಸಾ ಗಂಡನ ವೀಸಾದ ಬಾಲ, ನನ್ನ ತಿರುಗಾಟ ಅವರ ಕಾರಿನ ಬಾಲ. ಬೇಸಿಗೆಯಲ್ಲಿ ಸೂಪರ್ ಮಾರ್ಕೆಟು, ಪ್ರಾರ್ಥನೆಗೆ ಇಗರ್ಜಿ, ಮತ್ತೆ ಈ ಎರಡು ಕೋಣೆ. ನವೆಂಬರ್ ಬಂತೆಂದರೆ ಅವರು ಶನಿವಾರ ಕಾರ್ನಿಶ್ ದಂಡೆಗೆ ಕರೆದುಕೊಂಡು ಹೋಗುತ್ತಾರೆ. ಚಾಪೆ ಹಾಸಿ, ಫ್ಲಾಸ್ಕಿನ ಚಹಾ ಕುಡಿದು, ಕಡಲಿನ ಗಾಳಿಗೆ ಕೂದಲು ಬಿಟ್ಟುಕೊಂಡು ಕೂರುತ್ತೇನೆ. ವರ್ಷದ ಉಳಿದ ದಿನಗಳನ್ನು ಆ ಶನಿವಾರಗಳನ್ನು ನೆನೆದು ದೂಡುತ್ತೇನೆ. ಅವು ಈ ಸಲ ಇಲ್ಲ ಎಂದಾಗಿತ್ತು, ಕಲ್ಲು ಪಾಸಾದರೆ.

ಆ ಬೆಳಿಗ್ಗೆ ಅವರು ಮುಚ್ಚಳ ಮೆಲ್ಲಗೆ ಹಾಕಿ, ಅದರ ಮೇಲೆ ಕೈ ಸವರಿ ಹೊರಡಲು ಸಿದ್ಧರಾದರು. ಹೊರಡುವ ಮೊದಲು ಅವರದು ಮನೆಗೆ ಒಂದು ಸುತ್ತು ಇದ್ದೇ ಇದೆ. ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆ ಶುರುವಾಗುವ ಮೊದಲಿನ ಸಿಡಿಲಿಗೆ ಟಿವಿ ಸುಟ್ಟುಕೊಳ್ಳದ ಮನೆ ಅಲ್ಲಿ ಯಾವುದಿದೆ? ಇಗರ್ಜಿಯ ಪೂಜೆಗೆ ಹೊರಟು ಗೇಟಿನವರೆಗೆ ಬಂದ ಮೇಲೂ, ಸ್ವಿಚ್ಚೆಲ್ಲ ಆಫ್ ಮಾಡಿದ್ದೀಯಾ ಎಂದು ನನ್ನ ಅತ್ತೆ ಇವರನ್ನು ವಾಪಸು ಓಡಿಸುತ್ತಿದ್ದರಂತೆ. ಗುಡುಗೇ ಕೇಳದ ಈ ಮರಳುಗಾಡಿನಲ್ಲೂ ಅವರು ಕೋಣೆಯಿಂದ ಕೋಣೆಗೆ ಹೋಗಿ ಟಕ್ ಟಕ್ ಎಂದು ಎಲ್ಲವನ್ನೂ ಆರಿಸಿಯೇ ಶೂ ಹಾಕುವುದು. ನಾನು ಮನೆಯಲ್ಲೇ ಇರುತ್ತೇನೆ ಎಂಬುದು ಅವರ ಬೆರಳುಗಳಿಗೆ ಗೊತ್ತಿಲ್ಲ. ಅದಕ್ಕೇ ಫ್ರಿಜ್ಜು ಮತ್ತು ಫ್ರೀಜರಿನ ಸ್ವಿಚ್ಚುಗಳಿಗೆ ಮದುವೆಯಾದ ಹೊಸತರಲ್ಲೇ ನಾನು ಟೇಪು ಅಂಟಿಸಿಟ್ಟಿದ್ದೆ.

ಕಲ್ಲಿನ ಸ್ವಿಚ್ಚಿಗೆ ಟೇಪು ಹಚ್ಚಿರಲಿಲ್ಲ. ಅದು ಮೊನ್ನೆಯಷ್ಟೇ ಬಂದದ್ದು.

ಅವರು ಹೋದ ಮೇಲೆ ವಾಷಿಂಗ್ ಮಷಿನ್ ಓಡಿ ನಿಂತಿತ್ತು, ಬಟ್ಟೆ ಹರವಿ ಆಗಿತ್ತು. ಮಸಾಲೆ ಅರೆಯಲೆಂದು ಮಿಕ್ಸಿಯ ವಯರು ಹಿಡಿದು ಗೋಡೆಯ ಬೋರ್ಡಿಗೆ ಬಗ್ಗಿದೆ. ಕಲ್ಲಿನ ಸ್ವಿಚ್ಚಿನ ಕೆಂಪು ದೀಪ ಆರಿತ್ತು. ವಯರನ್ನು ಕೈಯಲ್ಲಿ ಹಿಡಿದೇ ನಿಂತೆ. ಒಂದು ಸಲ ಫ್ರೀಜರು ನಡುಗಿ ಮತ್ತೆ ಗುಂಯ್‌ಗುಡತೊಡಗಿತು.

ಮುಚ್ಚಳ ಎತ್ತಿ ನೋಡಿದೆ. ಹಲಗೆಯ ಅಂಚುಗಳಲ್ಲಿ ಬಿಳಿ ಎದ್ದಿತ್ತು. ನಡುವಿನ ನೀರು ಹೆಪ್ಪುಗಟ್ಟಿ, ಹಾಲಿನ ಮೇಲಿನ ಕೆನೆಯಷ್ಟು ತೆಳ್ಳಗೆ ಮುಚ್ಚಿಕೊಂಡಿತ್ತು. ಬೆರಳು ಇಟ್ಟೆ. ಬೆರಳು ಅಂಟಿತು.

ಮುಚ್ಚಳ ಹಾಕಿ ಸ್ಟೂಲಿನ ಮೇಲೆ ಕುಳಿತೆ. ನಾನು ಮಾಡಿದ್ದಲ್ಲ ಇದು. ನಾನು ಏನೂ ಮಾಡಬೇಕಾಗಿಯೂ ಇರಲಿಲ್ಲ. ಸುಮ್ಮನೆ ಕುಳಿತಿದ್ದರೆ ಸಾಕಿತ್ತು. ಸಂಜೆ ಅವರು ಬಂದು, ಮೊಬೈಲು ಹಿಡಿದು, ಮುಚ್ಚಳ ಎತ್ತುತ್ತಾರೆ. ಅಷ್ಟೇ. ನವೆಂಬರು ಬರುತ್ತದೆ, ಚಾಪೆ, ಫ್ಲಾಸ್ಕು, ಕಡಲಿನ ಗಾಳಿ. ಯಾರೂ ನನ್ನನ್ನು ಕೇಳುವಂತಿರಲಿಲ್ಲ. ಅವರೇ ಆರಿಸಿದ್ದು, ಅವರ ಅಮ್ಮನ ಮಾತು ಕೇಳಿ.

ಎಷ್ಟು ಹೊತ್ತು ಕುಳಿತಿದ್ದೆನೋ ತಿಳಿಯದು. ಮೇಲಿನ ಮನೆಯಲ್ಲಿ ಕುರ್ಚಿ ಎಳೆದ ಸದ್ದು, ಎಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುವ ಸದ್ದು. ಆಶ್ರಮದ ಬಗ್ಗೆ ಅವರು ಹೇಳಿದ್ದೊಂದು ನೆನಪಾಯಿತು: ಅಲ್ಲಿಯ ಅಜ್ಜಿಯರು ಜಾರಿ ಸೊಂಟ ಮುರಿದುಕೊಳ್ಳುವ ಹೆದರಿಕೆಯಿಂದ ಹಿಮ ಬಿದ್ದ ತಿಂಗಳುಗಳಲ್ಲಿ ಹೊಸ್ತಿಲು ದಾಟುವುದೇ ಇಲ್ಲವಂತೆ, ಕಿಟಕಿಯ ಹತ್ತಿರ ಕುಳಿತು ರಸ್ತೆ ನೋಡುವುದಂತೆ. ಕಿಟಕಿಯ ಹತ್ತಿರ ಕೂರುವುದು ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ನಾನು ಎದ್ದದ್ದು ಆ ಅಜ್ಜಿಯರಿಗಾಗಿ ಎಂದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಮುಚ್ಚಳ ಎತ್ತಿದಾಗಿನ ನನ್ನ ಗಂಡನ ಮುಖ ಕಣ್ಣೆದುರು ಬರುತ್ತಿತ್ತು. ಇಷ್ಟು ವರ್ಷ ಚರಂಡಿಯ ಮುಚ್ಚಳ ಎರಕ ಹೊಯ್ದ ಮನುಷ್ಯ. ಅವರೂ ಆ ಯಾರ್ಡಿನಿಂದ ಈ ಮನೆಗೆ, ಈ ಮನೆಯಿಂದ ಆ ಯಾರ್ಡಿಗೆ, ಬೇರೆ ಎಲ್ಲಿಗೂ ಹೋದವರಲ್ಲ. ನಾನೊಬ್ಬಳು ಒಳಗೆ ಸಿಕ್ಕಿಕೊಂಡಿರುವ ಮನೆ ಒಂದು ಥರ. ಇಬ್ಬರೂ ಸಿಕ್ಕಿಕೊಂಡು ಒಬ್ಬರ ಮುಖ ಒಬ್ಬರು ನೋಡುವ ಮನೆ ಇನ್ನೊಂದು ಥರ. ಎರಡನೆಯದು ನನಗೆ ಬೇಡವಾಗಿತ್ತು.

ಸ್ವಿಚ್ಚು ಹಾಕಿದೆ. ಕೆಂಪು ದೀಪ ಹತ್ತಿತು. ಟೇಪಿನ ಸುರುಳಿ ಹುಡುಕಿ ತಂದು ಒಂದು ತುಂಡು ಅದಕ್ಕೂ ಅಂಟಿಸಿದೆ.

ಸ್ವಲ್ಪ ಹೊತ್ತಿಗೆ ಅವರ ಫೋನು. ಯಾರ್ಡಿನ ಕಟ್ಟರ್ ಮಷಿನ್ನಿನ ಕಿರುಚಾಟದ ನಡುವೆ ಜೋರಾಗಿ ಕೇಳಿದರು, ಕಲ್ಲು ಹೇಗುಂಟು ಎಂದು. ಉಂಟು ಎಂದೆ.

"ನೀನು ಅದರ ಹತ್ತಿರ ಹೋಗಬೇಡ, ಆಯ್ತಾ? ಎಲ್ಲಾದರೂ ಮಿಕ್ಸಿ ಹಾಕಲಿಕ್ಕೆ ಹೋಗಿ ಸ್ವಿಚ್ ಆಫ್ ಮಾಡಿಬಿಟ್ಟೀ."

"ಇಲ್ಲ."

"ಲೈಟ್ ಉರೀತಾ ಉಂಟಲ್ಲ?"

"ಉರೀತಾ ಉಂಟು."

ಆ ದಿನ ಮಸಾಲೆ ಅರೆಯಲಿಲ್ಲ. ಮೊಟ್ಟೆ ಹುರಿದು ಅನ್ನಕ್ಕೆ ಕಲಸಿಕೊಂಡೆ. ಮುಚ್ಚಳ ತೆರೆದಷ್ಟೂ ಒಳಗಿನ ಚಳಿ ಹೋಗುತ್ತದೆ, ಸುತ್ತಲಿನ ಹಿಮ ಉಳಿಯುವುದಿಲ್ಲ ಎಂದು ಅವರು ಎಚ್ಚರಿಸಿದ್ದರಿಂದ ಪದೇ ಪದೇ ನೋಡುವ ಹಾಗಿರಲಿಲ್ಲ. ಕೆನೆ ಕರಗುತ್ತಿದೆಯೋ, ಇನ್ನೂ ದಪ್ಪವಾಗುತ್ತಿದೆಯೋ, ತಿಳಿಯುವ ಉಪಾಯವಿಲ್ಲ. ಹಬ್ಬದ ಮೊದಲಿನ ಒಂಬತ್ತು ದಿನಗಳ ನೊವೆನಾ ನಡೆದಿತ್ತು; ಮಾತೆಯ ಪ್ರತಿಮೆಗೆ ಸೂಪರ್ ಮಾರ್ಕೆಟಿನ ಪೊಟ್ಟಣದ ಸೇವಂತಿಗೆ ಇಟ್ಟು ಪ್ರಾರ್ಥನೆಗೆ ಕುಳಿತೆ. ಯಾವುದಕ್ಕಾಗಿ ಬೇಡುವುದೆಂದು ತಿಳಿಯದೆ ಬಾಯಿಪಾಠದ ಮಾತುಗಳನ್ನಷ್ಟೇ ಹೇಳಿ ಎದ್ದೆ. ಕೊನೆಗೆ ತಡೆಯಲಾಗದೆ ಒಂದು ಸಲ ಮುಚ್ಚಳವನ್ನು ಕೈ ತೂರುವಷ್ಟು ಎತ್ತಿದೆ. ಒಳಗಿನ ತಂತಿ ಹಾದುಹೋದ ಕಡೆಯೆಲ್ಲ ಕೆನೆ ಒಡೆದು, ಕಪ್ಪು ದಾರಿಗಳು ಬಿದ್ದಿದ್ದವು. ದಾರಿಗಳ ನಡುವಿನ ಬಿಳಿ ತುಂಡುಗಳು ಒಂದೊಂದಾಗಿ ಸಣ್ಣದಾಗುತ್ತಿದ್ದವು. ನೋಡಲು ಚಂದವಿತ್ತು. ಮುಚ್ಚಿಬಿಟ್ಟೆ.

ಸಂಜೆ ಅವರು ಇಸ್ತ್ರಿ ಮಾಡಿದ ಶರ್ಟಿನಲ್ಲಿ ಬಂದರು, ಯಾರ್ಡಿನಲ್ಲೇ ಬದಲಿಸಿದ್ದರು. ಕೂದಲು ಒದ್ದೆ ಮಾಡಿ ಬಾಚಿದ್ದರು. ಹಿಂದೆ ಅಡುಗೆಮನೆ ಕಾಣಬಾರದೆಂದು ನನ್ನ ಕೈಗೊಂದು ಬಿಳಿ ಬೆಡ್‌ಶೀಟು ಕೊಟ್ಟು, ಪರದೆಯ ಹಾಗೆ ಎತ್ತಿ ಹಿಡಿದು ಅದರ ಹಿಂದೆ ನಿಲ್ಲಲು ಹೇಳಿದರು. ಹಾಗಾಗಿ ನನ್ನ ಗಂಡನ ದೊಡ್ಡ ದಿನವನ್ನು ನಾನು ಬೆಡ್‌ಶೀಟಿನ ಹಿಂದಿನಿಂದ ಕೇಳಿದ್ದೇ ಹೊರತು ನೋಡಿದ್ದಲ್ಲ. ಮುಚ್ಚಳ ಎತ್ತಿದ ಸದ್ದು. ಲೋಟದಿಂದ ನೀರು ಸುರಿದ ಸದ್ದು. ಅದು ಹೆಪ್ಪುಗಟ್ಟುತ್ತದೋ ಎಂದು ಎಲ್ಲರೂ ಬಹಳ ಹೊತ್ತು ಕಾಯುತ್ತಿದ್ದರೆಂದು ಕಾಣುತ್ತದೆ. ನನ್ನ ಎರಡೂ ತೋಳು ಸೋತಿದ್ದವು. ಆಮೇಲೆ ಫೋನಿನೊಳಗಿನಿಂದ ಒಬ್ಬ ಹೆಂಗಸಿನ ದನಿ, ನಿಧಾನದ ಇಂಗ್ಲಿಷಿನಲ್ಲಿ, ತುಂಬಾ ಚೆನ್ನಾಗಿದೆ ಎಂದಿತು. ಅವರ ಮ್ಯಾನೇಜರು ಇನ್ನೊಂದು ಕಡೆಯಿಂದ "ಮಬ್ರೂಕ್, ಮಬ್ರೂಕ್" ಎಂದು ಅರಬ್ಬಿಯಲ್ಲಿ ಅಭಿನಂದಿಸಿದರು, ಹಿಮದಲ್ಲಿ ನಡೆಯಲು ಶೂ ಮಾತ್ರ ಒಳ್ಳೆಯದು ಕೊಂಡುಕೊಳ್ಳಿ ಎಂದು ನಕ್ಕರು.

ಶೀಟು ಕೆಳಗಿಳಿಸಿದಾಗ ಅವರು ಫ್ರೀಜರಿಗೆ ಒರಗಿ ನಿಂತಿದ್ದರು. ಸ್ವಿಚ್ಚಿನ ಮೇಲಿನ ಟೇಪನ್ನು ನೋಡಿದರು. ನನ್ನನ್ನು ನೋಡಿದರು. "ಇದು ಯಾವಾಗ ಹಾಕಿದ್ದು?" ಎಂದು ಕೇಳಿದರು.

"ಬೆಳಿಗ್ಗೆ. ನಿಮ್ಮ ಕೈ ನನಗೆ ಗೊತ್ತಿಲ್ವಾ?" ಎಂದೆ.

ಅವರು ಬೆರಳಿನಿಂದ ಟೇಪಿನ ಅಂಚನ್ನು ಒತ್ತಿದರು. ತಾವು ಏನು ಮಾಡಿದ್ದೆಂದು ಆಗ ಅವರಿಗೆ ತಿಳಿಯಿತೋ, ನಾನು ಮುಂಜಾಗ್ರತೆಗೆ ಹಾಕಿದ್ದೆಂದುಕೊಂಡರೋ, ನನಗೆ ಗೊತ್ತಿಲ್ಲ. ಮಗಳು ಟ್ಯೂಷನ್ನಿನಿಂದ ಬಂದು, ಪಪ್ಪಾ ಹಿಮದ ದೇಶಕ್ಕೆ ಹೋಗುತ್ತಾರೆಂದು ಕೇಳಿ ಅವರ ಕುತ್ತಿಗೆಗೆ ಜೋತುಬಿದ್ದಳು. ಅವರಿಬ್ಬರೂ ಸೇರಿ ಕಲ್ಲನ್ನು ಟವೆಲಿನಲ್ಲಿ ಸುತ್ತಿ ಕಾರಿಗೆ ಒಯ್ದರು.

ಖಾಲಿ ಫ್ರೀಜರನ್ನು ಒರೆಸುತ್ತಿದ್ದಾಗ ಎದುರು ಮನೆಯ ಅಕ್ಕ ಮೀನಿನ ಚೀಲಗಳನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕೈಯಿಂದ ಬಾಗಿಲು ದೂಡಿಕೊಂಡು ಬಂದರು. ಸುದ್ದಿ ಲಿಫ್ಟಿನಲ್ಲೇ ಸಿಕ್ಕಿತ್ತು, ನನ್ನ ಮಗಳು ಹೇಳಿದ್ದಳು. ಎಷ್ಟು ದಿನಕ್ಕೆ ಎಂದು ಕೇಳಿದರು. ಒಂದು ಚಳಿಗಾಲಕ್ಕೆ, ಮಾರ್ಚ್ ಹೊತ್ತಿಗೆ ಬಂದುಬಿಡುತ್ತಾರೆ ಎಂದೆ. ಹೇಳುವಾಗ ನನ್ನ ದನಿ ನನಗೇ ಸರಿಯಾಗಿಯೇ ಕೇಳಿಸಿತು. ಅವರು ಒಂದೊಂದೇ ಚೀಲವನ್ನು ಬೆಳಕಿಗೆ ಹಿಡಿದು, ಯಾವುದು ಯಾವ ಮೀನೆಂದು ನೋಡಿ ನನ್ನ ಕೈಗೆ ಕೊಡುತ್ತಿದ್ದರು.

"ನಮ್ಮವರೂ ಇಲ್ಲಿಗೆ ಬರುವಾಗ ಒಂದೇ ವರ್ಷಕ್ಕೇಂತ ಬಂದದ್ದು ಬಾಯಮ್ಮ," ಎಂದರು. "ಇಕೊಳ್ಳಿ, ಈ ಅಂಜಲ್ ಮೀನನ್ನು ಮೇಲೆ ಇಡಿ. ತಳಕ್ಕೆ ಹೋದ್ರೆ ಮತ್ತೆ ನೆನಪಾಗುದಿಲ್ಲ."