ಕಾರಿನ ಹೊಟ್ಟೆಯಡಿ ಉಳಿದ ಹೆಜ್ಜೆ

ಯಶವಂತನಗರದ ಆಚೆ, ಲಾರಿಗಳು ಓಡಾಟ ನಿಲ್ಲಿಸಿದ ಹಳೆಯ ಗಣಿ ದಾರಿಯ ಇಳಿಜಾರು ಮುಗಿಯುವಲ್ಲಿ, ರಸ್ತೆಯ ನಟ್ಟನಡುವೆ ನಾನು ನಿಂತಿದ್ದೆ. ನಾಲ್ಕು ವರ್ಷದ ಹಿಂದಿನ ಕಾರ್ತಿಕ ಮಾಸ, ಭಾನುವಾರ, ಬೆಳಗಿನ ಏಳೂಕಾಲು. ಗಣಿಯ ತೂಕದ ಮನೆಯಲ್ಲಿ ಮೂವತ್ತು ವರ್ಷ ಮುಳ್ಳು ನೋಡಿದವನು ನಾನು. ಹೆಚ್ಚುಕಡಿಮೆ ಹೇಳುವುದಿಲ್ಲವೆಂದೇ ಕಾರಿನ ಪರೀಕ್ಷೆಗೆ ಸಾಕ್ಷಿಯಾಗಿ ನನ್ನನ್ನು ಕರೆದಿದ್ದರು.

ಕಾರು ಸಂಡೂರಿನ ಒಬ್ಬ ಯಜಮಾನರದು, ಅವರ ಅಜ್ಜನ ಕಾಲದ್ದು. ನನ್ನ ಗೆಳೆಯ, ಹೊಸಪೇಟೆಯ ಗ್ಯಾರೇಜಿನ ಮೇಸ್ತ್ರಿ, ಎರಡು ವರ್ಷ ಅದರಡಿ ಮಲಗಿ ಅದನ್ನು ಎಬ್ಬಿಸಿದ್ದ. ಯಜಮಾನರು ಹೇಳಿದ್ದು ಇಷ್ಟೇ: ಒಂದು ಸಲ ನೋಡುತ್ತೇನೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಕಾರು ಓಡಲಿ. ಹಿಡಿಯದಿದ್ದರೆ ಎಂಜಿನ್ ಇಳಿಸಿ ಹಂಪಿ ದಾರಿಯ ಹೋಟೆಲೊಂದರ ಮುಂದೆ ನಿಲ್ಲಿಸೋಣ, ಜನ ಫೋಟೋ ತೆಗೆಸಿಕೊಳ್ಳಲಿ.

ಮೊದಲು ಕಮಾನುಗಳ, ಅಂದರೆ ಚಕ್ರದ ಮೇಲಿನ ಸ್ಪ್ರಿಂಗುಗಳ, ಪರೀಕ್ಷೆ. ಪಟ್ಟಿಯ ಮೇಲೆ ಪಟ್ಟಿ ಪೇರಿಸಿದ ಆ ಉಕ್ಕಿನ ಕಮಾನುಗಳಿಗೆ ಮೇಸ್ತ್ರಿ ಹಿಂದಿನ ಸಂಜೆ ಹರಳೆಣ್ಣೆ ಕುಡಿಸಿದ್ದ. ಅವನ ಹೆಂಡತಿ ಕಂಠದವರೆಗೆ ಮಜ್ಜಿಗೆ ತುಂಬಿದ ತಂಬಿಗೆ ಹಿಡಿದು ಹಿಂದಿನ ಸೀಟಿನಲ್ಲಿ ಕೂತಳು. ಕಾರು ಕಲ್ಲುದಾರಿಯಲ್ಲಿ ಹರಿಗೋಲಿನಂತೆ ತೂಗುತ್ತ ಹೋಗಿ ಬಂತು.

"ಹನಿ ಚೆಲ್ಲಿಲ್ಲ ನೋಡ್ರಿ ಅಣ್ಣಾರ," ಎಂದಳು ನನಗೆ. "ಮದುವ್ಯಾದಾಗಿಂದ ಈ ಮನುಷ್ಯಾ ನನ್ನ ಇಷ್ಟು ಮೆತ್ತಗ ಎಲ್ಲೂ ಕರಕೊಂಡು ಹೋಗಿಲ್ಲ."

"ಸುಮ್ನ ಕುಂದ್ರು, ಮಾತಿಗೇ ಚೆಲ್ಲತೈತಿ," ಎಂದ ಮೇಸ್ತ್ರಿ.

ಆಮೇಲೆ ಬ್ರೇಕು. ಕಬ್ಬಿಣದ ಸಲಾಕೆಗಳು ಎಳೆದು ಹಿಡಿಯುವ ಹಳೆಯ ಬ್ರೇಕು. ಮೇಸ್ತ್ರಿಯದೊಂದು ಪದ್ಧತಿ: ಎಲ್ಲಿ ನಿಲ್ಲಬೇಕೋ ಅಲ್ಲಿ ಗೆರೆ ಎಳೆಯುವುದಿಲ್ಲ, ಮನುಷ್ಯನನ್ನೇ ನಿಲ್ಲಿಸುತ್ತಾನೆ. "ಗೆರಿ ದಾಟಿದ್ರ ಯಾರಿಗೂ ನೋವಾಗಂಗಿಲ್ಲ, ಅದಕ್ಕ ಬ್ರೇಕ್ ಒತ್ತೂ ಕಾಲು ಮೋಸ ಮಾಡತೈತಿ. ನೀ ಮಾತ್ರ ಅಲುಗಾಡಬ್ಯಾಡಲೇ."

ಯಜಮಾನರೂ ಆಕೆಯೂ ಮೇಲೆ ಉಳಿದರು. ಅವನು ಎಂಜಿನ್ ಆರಿಸಿ ಕಾರು ಬಿಟ್ಟ. ಇಬ್ಬನಿಗೆ ಕೂತ ಕೆಂಪು ಅದಿರಿನ ಧೂಳಿನ ಮೇಲೆ ಅದು ಸದ್ದಿಲ್ಲದೆ ಇಳಿಯಿತು. ಮಂಜಿನೊಳಗಿಂದ ಮೊದಲು ಎರಡು ದೀಪದ ಬಟ್ಟಲು, ಆಮೇಲೆ ಗಾಜು, ಗಾಜಿನ ಹಿಂದೆ ಅವನ ಮುಖ. ಕನಸಿನಲ್ಲಿ ಬರುವಂತೆ ಬರುತ್ತಲೇ ಇತ್ತು, ಹತ್ತಿರವಾಗುತ್ತಿರಲಿಲ್ಲ. ಮರುಕ್ಷಣ ತೀರ ಹತ್ತಿರವಿತ್ತು. ಸಲಾಕೆಗಳು ಕಿರುಗುಟ್ಟಿದವು. ನಿಂತಾಗ ನನ್ನ ಮೊಣಕಾಲಿಗೂ ಅದಕ್ಕೂ ಒಂದು ಗೇಣು.

ಮೇಸ್ತ್ರಿ ಸ್ಟೇರಿಂಗಿನ ಮೇಲೆ ಹಣೆ ಇಟ್ಟ. ಯಜಮಾನರು ಚಪ್ಪಾಳೆ ತಟ್ಟುತ್ತ ಇಳಿದು ಬಂದರು. "ಭೇಷ್ ಮೇಸ್ತ್ರಿ! ಇನ್ನ ಇದು ಓಡೂ ಗಾಡಿ."

ನಾನು ನನ್ನ ಕಾಲು ನೋಡಿಕೊಂಡೆ. ಆಕೆ ತಂಬಿಗೆಯೊಂದಿಗೆ ಬಂದು ಮತ್ತೆ ಹಿಂದಿನ ಸೀಟಿಗೆ ಹತ್ತಿದಳು, ಸಂಡೂರಿಗೆ ಇದರಲ್ಲೇ ಹೋಗೋಣವೆಂದು.

"ನಾ ಸರದೀನಿ," ಎಂದೆ. "ಎರಡು ಹೆಜ್ಜಿ, ಹಿಂದಕ್ಕ."

"ಚಾಷ್ಟಿ ಮಾಡಬ್ಯಾಡಲೇ," ಎಂದ ಮೇಸ್ತ್ರಿ.

"ಬಗ್ಗಿ ನೋಡು."

ಬಗ್ಗಿದೆವು. ಕಾರಿನ ಹೊಟ್ಟೆಯಡಿ, ಕೆಂಪು ಧೂಳಿನಲ್ಲಿ, ನನ್ನ ಚಪ್ಪಲಿಗಳ ಮೊದಲ ಗುರುತು ಅಚ್ಚೊತ್ತಿದಂತಿತ್ತು.

ಯಜಮಾನರು ಎದ್ದು ಕಾರಿನ ಹಿಂದೆ ಹೋದರು. ಬಲಗಡೆ ಚಕ್ರ ಧೂಳನ್ನು ಉಜ್ಜಿಕೊಂಡು ಬಂದಿತ್ತು. ಎಡಗಡೆ ಟೈರಿನ ಹಲ್ಲುಗಳು ಒಂದೊಂದಾಗಿ ಮೂಡಿದ್ದವು. ಆ ಚಕ್ರವನ್ನು ಬ್ರೇಕ್ ಹಿಡಿದಿರಲಿಲ್ಲ. ಅವರು ಅದರ ಒಳಬದಿಯನ್ನು ಬೆರಳಿನಿಂದ ಸವರಿ ಮೂಸಿದರು.

"ಇದೇನು, ಹರಳೆಣ್ಣಿ?"

ಮೇಸ್ತ್ರಿ ಅಲ್ಲೇ ಕುಕ್ಕರಿಸಿದ. "ಕಮಾನಿಗೆ ಹಾಕಿದ್ದು ಇಳದು ಬ್ರೇಕಿನ ಡ್ರಮ್ಮಿನೊಳಗ ಹೋಗೈತ್ರಿ. ನಂದ ತಪ್ಪು."

"ಮಜ್ಜಿಗಿ ಉಳಸಾಕ ಹೋಗಿ ಅಣ್ಣಾರನ್ನ ಕೆಡವತಿದ್ರಿ," ಎಂದಳು ಆಕೆ ಸೀಟಿನಿಂದಲೇ.

ಯಜಮಾನರು ಕಾರನ್ನು ಒಂದು ಸುತ್ತು ಹಾಕಿದರು. ಮೇಸ್ತ್ರಿ ತಲೆ ಎತ್ತಲಿಲ್ಲ. "ಒಂದ ಸಲ ಅಂದಿದ್ದೆ," ಎಂದರು ಕೊನೆಗೆ. "ಆದ್ರ ಎಣ್ಣಿ ಕುಡದ ಬ್ರೇಕನ್ನ ಯಾಕ ಬೈಯಲಿ? ತೊಳಿ."

ಪೆಟ್ರೋಲಿನಲ್ಲಿ ತೊಳೆದು ಒರೆಸುವಷ್ಟರಲ್ಲಿ ಮಂಜು ಕರಗಿತ್ತು. ಎರಡನೆಯ ಸಲ ಯಜಮಾನರು ಪಂಚೆ ಎತ್ತಿ ಕಟ್ಟಿ ನನ್ನ ಪಕ್ಕದಲ್ಲೇ ನಿಂತರು, ಭುಜಕ್ಕೆ ಭುಜ ತಾಗಿಸಿ. ಬಿಸಿಲಿನಲ್ಲಿ ಕಾರು ತೇಲಿ ಬಂತು, ನಿಂತಿತು. ಮೂರು ಗೇಣು. ಕೆಳಗೆ ನೋಡಿದೆ. ನನ್ನ ಕಾಲು ಮೊದಲ ಗುರುತಿನಲ್ಲೇ ಇತ್ತು.

ಯಜಮಾನರು ಹೋದ ವರ್ಷ ತೀರಿಕೊಂಡರು. ಕಾರು ಓಡುತ್ತಿದೆ. ಅಂದು ಕಂಡವರಲ್ಲಿ ನಾನಲ್ಲದೆ ಇನ್ನಿಬ್ಬರು ಬದುಕಿದ್ದಾರೆ: ಹೊಸಪೇಟೆಯಲ್ಲಿ ಈಗಲೂ ಮನುಷ್ಯರನ್ನೇ ನಿಲ್ಲಿಸಿ ಬ್ರೇಕ್ ನೋಡುವ ಮೇಸ್ತ್ರಿ, ಮತ್ತು ಮಗಳ ಬಾಣಂತನಕ್ಕೆಂದು ಕಂಪ್ಲಿಗೆ ಹೋಗಿರುವ ಅವನ ಹೆಂಡತಿ. ನಾನು ಮೂರು ಹೆಜ್ಜೆ ಸರಿದೆನೆಂದು ಆಕೆ ಹೇಳುತ್ತಾಳೆ. ಎರಡೇ.