ಒಂದೇ ಸೀಟಿ

ನನ್ನ ಭಾವ ಬಸ್ ಡ್ರೈವರ್, ಅಕ್ಕ ಅದೇ ಬಸ್ಸಿನ ಕಂಡಕ್ಟರ್. ಗಂಡ ಮುಂದೆ, ಹೆಂಡತಿ ಹಿಂದೆ. ಇಡೀ ದಿನ ಮಾತಿಲ್ಲ, ಬರೀ ಸೀಟಿ. ಒಂದು ಊದಿದರೆ ನಿಲ್ಲಿಸಬೇಕು, ಎರಡು ಊದಿದರೆ ಹೊರಡಬೇಕು. "ನಿನ್ನ ಭಾವ ಮನೇಲಿ ನನ್ನ ಮಾತೇ ಕೇಳಲ್ಲ ಕಣೆ, ಬಸ್ಸಲ್ಲಿ ಮಾತ್ರ ತುಟಿಪಿಟಕ್ಕನ್ನದೆ ಕೇಳ್ತಾರೆ" ಎಂದು ಅಕ್ಕ ನಗುತ್ತಿದ್ದಳು.

ಹೃದಯಾಘಾತವಾಗಿ ಆಸ್ಪತ್ರೆಯಿಂದ ಬಂದ ಮೇಲೆ ಡಿಪೋದವರು ಭಾವನಿಗೆ ಬಸ್ಸು ಕೊಡಲಿಲ್ಲ. ಗೇಟಿನ ಬಳಿ ಸ್ಟೂಲು ಹಾಕಿ ಕೂರಿಸಿ, ಬಂದುಹೋಗುವ ಬಸ್ಸುಗಳಿಗೆ ಸರಪಳಿ ಬಿಚ್ಚುವ ಕೆಲಸ ಕೊಟ್ಟರು. ಡಿಪೋದ ಡಾಕ್ಟರು, "ದಿನಾ ಗುಡ್ಡ ಹತ್ತಿ. ಎಲ್ಲೂ ನಿಲ್ಲದೆ ತುದಿ ಮುಟ್ಟೋ ಹಾಗಾದಾಗ ಬನ್ನಿ, ನೋಡೋಣ" ಎಂದರು. ಅಂದಿನಿಂದ ಭಾವನಿಗೆ ಗುಡ್ಡದ್ದೇ ಜಪ.

ಊರ ಹಿಂದಿನ ಆ ಗುಡ್ಡಕ್ಕೆ ತಿರುವು ತಿರುವಾಗಿ ಜಲ್ಲಿ ದಾರಿಯಿದೆ. ಆ ವರ್ಷ ಚಳಿ ಮೂಳೆ ಕೊರೆಯುವಂತಿತ್ತು. ಬೆಳಕು ಹರಿಯುತ್ತಲೇ ಭಾವ ಉಣ್ಣೆ ಟೋಪಿ ಎಳೆದುಕೊಂಡು ಹೊರಟರೆ, ಹಿಂದೆಯೇ ಖಾಕಿ ಕೋಟಿನ ಮೇಲೆ ಶಾಲು ಸುತ್ತಿಕೊಂಡು ಅಕ್ಕ. ಅಲ್ಲೂ ಡ್ರೈವರ್ ಮುಂದೆ, ಕಂಡಕ್ಟರ್ ಹಿಂದೆ. ಭಾವ ತಿರುಗಿ ನೋಡುತ್ತಿರಲಿಲ್ಲ. ಮಂಜಿನಲ್ಲಿ ತಿರುಗಿದರೂ ಏನೂ ಕಾಣುತ್ತಿರಲಿಲ್ಲ ಅನ್ನಿ. ಪ್ರತಿ ತಿರುವಿನಲ್ಲೂ ಅಕ್ಕ ಎರಡು ಸೀಟಿ ಊದುತ್ತಿದ್ದಳು: ಬರ್ತಾ ಇದ್ದೀನಿ, ನಡೀರಿ. ಕಾಲು ಸೋತರೆ ಒಂದು. ಭಾವ ಗಕ್ಕನೆ ನಿಲ್ಲುತ್ತಿದ್ದರು. ಅಕ್ಕ ಏದುಸಿರು ಬಿಡುತ್ತಾ ಬಂದು, "ಸ್ಟಾಪ್ ಇಲ್ಲದ ಕಡೆ ನಿಲ್ಲಿಸಿದೆ ಅಂತ ಬೈಬೇಡಿ" ಎಂದು ಕಲ್ಲಿನ ಮೇಲೆ ಕುಸಿದು ಕೂರುತ್ತಿದ್ದಳು. ಮನೆಯವರೆಲ್ಲ ಭಾವನ ಎದೆಯನ್ನು ಕಾಯುತ್ತಿದ್ದೆವು. ಅಕ್ಕನಿಗೂ ಒಂದು ಎದೆಯಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಡಾಕ್ಟರನ್ನು ಕಾಣಬೇಕಾದ ದಿನದ ಹಿಂದಿನ ಬೆಳಿಗ್ಗೆ ಗಾಳಿ ಜೋರಾಗಿತ್ತು.

"ಇವತ್ತು ಬೇಡಾರೀ, ನನಗ್ಯಾಕೋ ಸುಸ್ತು" ಎಂದಳು ಅಕ್ಕ.

"ನಾಳೆ ಡಾಕ್ಟ್ರಿಗೆ ಏನು ಹೇಳ್ಲಿ? ಇವತ್ತು ನಿಲ್ಲದೆ ಹತ್ತಲೇಬೇಕು. ನೀನು ಸೀಟಿ ಗೀಟಿ ಊದಿ ನಿಲ್ಲಿಸ್ಬೇಡ."

ಅವರೊಬ್ಬರನ್ನೇ ಕಳಿಸಲು ಅವಳಿಗೆ ಮನಸ್ಸು ಬರಲಿಲ್ಲ. ತಾನೂ ಹೊರಟಳು.

ಕೊನೆಯ ತಿರುವಿಗೆ ಬರುವಾಗ ಹಿಂದಿನಿಂದ ಸೀಟಿ ಕೇಳಿಸಿತಂತೆ. ಒಂದೇ. ಬಸ್ಸಿನಲ್ಲಾಗಿದ್ದರೆ ಭಾವನ ಕಾಲು ತಾನಾಗಿ ಬ್ರೇಕ್ ಒತ್ತುತ್ತಿತ್ತು. ಅವತ್ತು ಒತ್ತಲಿಲ್ಲ. ದಿನದ ಗೋಳು ಇದ್ದದ್ದೇ ಎಂದುಕೊಂಡು ತುದಿ ಮುಟ್ಟಿಯೇಬಿಟ್ಟರು. ಖುಷಿಯಲ್ಲಿ ಅಕ್ಕನನ್ನು ಕೂಗಿದರು. ಉತ್ತರವಿಲ್ಲದೆ ಇಳಿದು ಬಂದರೆ, ಅಕ್ಕ ದಾರಿಯ ಅಂಚಿಗೆ ಬಿದ್ದಿದ್ದಳು. ಕೈ ಆಗಲೇ ತಣ್ಣಗಾಗಿತ್ತು.

ಹೆಂಡತಿಗಿಂತ ಸ್ಟೇರಿಂಗೇ ಹೆಚ್ಚಾಯಿತೇ ಈ ಮನುಷ್ಯನಿಗೆ? ನಾನು ಮುಖ ಕೊಟ್ಟು ಮಾತಾಡಲಿಲ್ಲ. ಕೆಲವು ವಾರಗಳ ಮೇಲೆ ಡಾಕ್ಟರು ಪಾಸು ಮಾಡಿದರು, ಬಸ್ಸೂ ಸಿಕ್ಕಿತು ಎಂದು ಕೇಳಿದಾಗ ಮೈಯೆಲ್ಲ ಉರಿಯಿತು. ಎಲ್ಲರೆದುರು ಉಗಿಯಬೇಕೆಂದೇ ಮೊದಲ ದಿನ ಆ ಬಸ್ಸು ಹತ್ತಿ ಕೂತೆ.

ಹೊಸ ಕಂಡಕ್ಟರ್ ಎರಡು ಸೀಟಿ ಊದಿದ. ಬಸ್ಸು ಅಲುಗಲಿಲ್ಲ. ಮತ್ತೆ ಊದಿದ. ಭಾವ ಎಂಜಿನ್ ಆಫ್ ಮಾಡಿ ಇಳಿದು, ಹಿಂದಕ್ಕೆ ನಡೆದು, ರಸ್ತೆ ನೋಡಿಕೊಂಡು ಬಂದು ಹೊರಟರು. ಮುಂದಿನ ಸ್ಟಾಪಿನಲ್ಲೂ ಹಾಗೆಯೇ.

"ಏನ್ರೀ ಇದು, ಬಸ್ಸೋ ಮೆರವಣಿಗೆನೋ?" ಎಂದು ಜನ ರೇಗಿದರು.

"ನಾನು ರೈಟ್ ಕೊಟ್ಟ ಮೇಲೂ ಅದೇನು ನೋಡ್ತೀರಿ?" ಎಂದ ಕಂಡಕ್ಟರ್.

ಗುಡ್ಡದ ಬುಡದ ಸ್ಟಾಪಿನಲ್ಲಿ ಇಳಿದ ಭಾವ ಮರಳಿ ಬರಲೇ ಇಲ್ಲ. ನಾನೇ ಇಳಿದು ಹೋದೆ. ಬಸ್ಸಿನ ಹಿಂದೆ ನಿಂತು ಮಂಜು ಮುಸುಕಿದ ದಾರಿ ನೋಡುತ್ತಿದ್ದರು. ಉಗಿಯಲು ಬಂದವಳು ಅವರ ತೋಳು ಹಿಡಿದೆ.

"ಎಲ್ಲರೂ ಹತ್ತಿದ್ದಾರೆ, ಬನ್ನಿ ಭಾವ."

"ಒಂದೇ ಊದಿದ್ಲು ಕಣಮ್ಮ" ಎಂದರು. "ನನಗೆ ಸರಿಯಾಗೇ ಕೇಳಿಸ್ತು."

ಬಸ್ಸಿನೊಳಗಿಂದ ಮತ್ತೆ ಎರಡು ಸೀಟಿ ಬಂತು. ಭಾವ ಕೀಲಿಕೈ ನನ್ನ ಕೈಯಲ್ಲಿಟ್ಟು ರಸ್ತೆ ಬದಿಯಲ್ಲೇ ಕೂತುಬಿಟ್ಟರು.

ಈಗ ಮತ್ತೆ ಅದೇ ಗೇಟು, ಅದೇ ಸ್ಟೂಲು. ಡಿಪೋದ ಒಳಗೆ ಯಾರಾದರೂ ಒಂದು ಸೀಟಿ ಊದಿದರೆ ಸಾಕು, ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಾರೆ.