ಚೌಕದೊಳಗೆ ಸಿಕ್ಕಿಕೊಂಡ ಎರಡಿಂಚು

ಮದುವೆ ಗೊತ್ತಾದ ಮೇಲೆ ನನ್ನವರು ನನ್ನ ಜೊತೆ ಆಡಿದ ಮೊದಲ ಮಾತೇ ಅವರ ಅತ್ತಿಗೆಯ ವಿಷಯ. "ನಮ್ಮತ್ತಿಗೆ ಬಟ್ಟೆ ಹೊಲೀತಾರೆ. ಒಂದು ಸಲ ನೋಡಿದ್ರೆ ಸಾಕು, ಟೇಪು ಹಿಡೀದೇನೇ ನಿನ್ನ ಅಳತೆ ಹೇಳ್ತಾರೆ. ಮೈಯದ್ದೂ ಬುದ್ಧೀದೂ," ಅಂದರು. ಅಲ್ಲಿಗೆ ಗಂಡನಿಗಿಂತ ಮೊದಲು ನಾನು ಹೆದರಿದ್ದು ಓರಗಿತ್ತಿಗೆ. ಆ ಮನೆಗೆ ಕಾಲಿಟ್ಟ ದಿನ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನು ತೆಗೆಯದೆಯೇ, "ಭುಜ ಚಿಕ್ಕದು. ಬಾಯಿ ದೊಡ್ಡದಿರಬೇಕು," ಅಂದರು. ಎರಡೂ ನಿಜ.

ಅಂದಿನಿಂದ ಅವರು ನನಗೆ ಅಕ್ಕ. ಬೀದಿಗೆ ತೆರೆದ ಮುಂದಿನ ಕೋಣೆಯೇ ಅಂಗಡಿ. ಎರಡು ಮೆಷಿನ್ನು, ಒಂದು ನಿಲುವುಗನ್ನಡಿ, ಕಾಲಿಟ್ಟಲ್ಲೆಲ್ಲ ದಾರದ ತುಂಡು. ಕತ್ತರಿ ಅಕ್ಕನದು, ಗುಂಡಿ, ಕಾಜಾ, ಅಂಚು ಮಡಿಸುವುದು ನನ್ನದು. ಅಕ್ಕ ಹೆಂಗಸರ ಸೊಂಟದ ಅಳತೆಯನ್ನು ಯಾವತ್ತೂ ಜೋರಾಗಿ ಹೇಳಿದವರಲ್ಲ. ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟುವರು, ನಾನು ಬರೆದುಕೊಳ್ಳಬೇಕು. ಬಂದವರು ಅದೇ ಕಾರಣಕ್ಕೆ ಮತ್ತೆ ಬರುತ್ತಿದ್ದರು. ನಮ್ಮಿಬ್ಬರ ಗಂಡಂದಿರೂ ಹೋದ ಮೇಲೆಯೂ ಮೆಷಿನ್ನು ನಿಲ್ಲಲಿಲ್ಲ.

ಎದುರುಗಡೆ ರೆಡಿಮೇಡ್ ಅಂಗಡಿ ಬಂದ ಮೇಲೆ ನಿಲ್ಲುವ ಹಾಗಾಯಿತು. ಆಗ ಅಕ್ಕನ ಸೊಸೆ ಒಂದು ಆರ್ಡರ್ ತಂದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಅಲ್ಲಿನ ನರ್ಸುಗಳಿಗೆಲ್ಲ ಹೊಸ ಸಮವಸ್ತ್ರ. ಹಿಂದೊಮ್ಮೆ ಅವರಿಗೆ ಹೊಲಿದವರೂ ನಾವೇ. ಈ ಆರ್ಡರ್ ಕೈಯಲ್ಲಿ ಉಳಿದರೆ ಅಂಗಡಿ ಉಳಿಯುತ್ತದೆ, ಇಲ್ಲವಾದರೆ ಬಾಗಿಲು ಹಾಕುವುದೇ.

"ಅವರಿಗೆ ಡ್ಯೂಟಿ ಬಿಟ್ಟು ಬರೋಕಾಗಲ್ಲ ಅತ್ತೆ," ಅಂದಳು ಸೊಸೆ. "ಫೋನಲ್ಲೇ ಫಾರಂ ತುಂಬಿ ಕಳಿಸ್ತಾರೆ. ಕಳಿಸಿದ್ದೆಲ್ಲ ಈ ಟ್ಯಾಬಲ್ಲಿ ಬಂದು ಕೂತಿರುತ್ತೆ. ನೋಡ್ಕೊಂಡು ಹೊಲಿದ್ರಾಯ್ತು."

"ಮನುಷ್ಯರನ್ನ ಬಿಟ್ಟು ಫಾರಂ ನೋಡಿ ಹೊಲಿಯೋದಾ? ಫಾರಮ್ಮಿಗೆ ಸೊಂಟ ಎಲ್ಲಿರುತ್ತೆ?" ಅಂದರು ಅಕ್ಕ. ಆದರೂ ಟ್ಯಾಬನ್ನು ಕನ್ನಡಿಗೆ ಒರಗಿಸಿಟ್ಟರು.

ಎರಡು ದಿನಕ್ಕೆ ಅದರ ತುಂಬ ಸಾಲುಸಾಲು ಚೌಕಗಳು ಬಂದವು. ಒಬ್ಬೊಬ್ಬ ನರ್ಸಿಗೆ ಒಂದು ಸಾಲು, ಕೊನೆಯ ಚೌಕದಲ್ಲಿ ಏನು ಬೇಕೆಂಬ ಸೂಚನೆ. ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ಮಾತು: "ಹೋದ ಸಲ ಹೊಲಿದ ಹಾಗೆಯೇ ಇರಲಿ."

"ನೋಡಿದ್ಯಾ? ನನ್ನ ಕೈ ಅಂದ್ರೆ ಹಾಗೆ," ಎಂದು ಅಕ್ಕ ಉಬ್ಬಿದರು. ಹಳೆಯ ಅಳತೆಗಳನ್ನು ಹುಡುಕಿ ತೆಗೆದು ಮೊದಲ ಕಂತು ಹೊಲಿದು ಕಳಿಸಿದೆವು.

ಕಳಿಸಿದ್ದು ಕಳಿಸಿದ ಹಾಗೇ ವಾಪಸು ಬಂತು. ಸೊಸೆ ಗಂಟನ್ನು ಮೆಷಿನ್ನಿನ ಮೇಲೆ ಇಟ್ಟಳು. "ಒಬ್ಬರಿಗೂ ಸರಿಯಾಗಿಲ್ಲ ಅತ್ತೆ. ಎಷ್ಟೋ ಜನಕ್ಕೆ ಗುಂಡಿ ಹಾಕೋಕಾಗ್ತಿಲ್ಲ. ಒಬ್ಬಳದ್ದು ಬಗ್ಗಿದ ತಕ್ಷಣ ಹರೀತು. ರೋಗಿ ನಕ್ಕುಬಿಟ್ಟನಂತೆ."

"ನಕ್ಕಿದ್ರೆ ಅರ್ಧ ವಾಸಿಯಾಯ್ತು ಬಿಡು."

"ತಮಾಷೆ ಅಲ್ಲ. ಇನ್ನೊಂದ್ಸಲ ಹೀಗಾದ್ರೆ ಎದುರುಗಡೆಯವರಿಗೆ ಕೊಡ್ತಾರಂತೆ. ನಾನು ಅಲ್ಲಿ ತಲೆ ಎತ್ತೋ ಹಾಗಿಲ್ಲ."

ಅಕ್ಕನ ಮುಖ ಕಪ್ಪಿಟ್ಟಿತು. "ಅವರೇ ಬರೀತಾರೆ, ಅವರೇ ಬೈತಾರೆ. ಏನೇ, ನೀನೇ ಓದಿ ಹೇಳು, ನಾನೇನು ಕನಸು ಕಂಡ್ನಾ?" ಎಂದು ಟ್ಯಾಬನ್ನು ನನ್ನ ತೊಡೆಯ ಮೇಲಿಟ್ಟರು.

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಕ್ಷರದ ಕೆಳಗೆ ಬೆರಳಿಡದೆ ನನಗೆ ಓದು ಸಾಗುವುದಿಲ್ಲ. "ಹೋದ... ಸಲ..." ಎಂದು ಬೆರಳು ಸರಿಸುತ್ತಿದ್ದೆ. ಚೌಕ ಸರ್ರನೆ ಅರಳಿ ಪರದೆ ತುಂಬ ಹರಡಿಕೊಂಡಿತು. ಏನೋ ಮುರಿದೆ ಅಂತ ಕೈ ಹಿಂದೆ ತೆಗೆದೆ. ಸೊಸೆ ಬಗ್ಗಿ ಓದಿದಳು: "ಹೋದ ಸಲ ಹೊಲಿದ ಹಾಗೆಯೇ ಇರಲಿ. ತುಂಬಾ ಚೆನ್ನಾಗಿತ್ತು. ಆದರೆ ಈಗ ಎರಡು ಮಕ್ಕಳಾಗಿವೆ. ಸೊಂಟದಲ್ಲಿ ಎರಡಿಂಚು ಹೆಚ್ಚು ಬಿಡಿ. ದಯವಿಟ್ಟು ಯಾರಿಗೂ ಹೇಳಬೇಡಿ."

ಅಕ್ಕ ಬಾಯಿಂದ ಪಿನ್ನುಗಳನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಅತ್ತೆ, ಚೌಕ ಒತ್ತಿ ನೋಡ್ಲೇ ಇಲ್ವಾ?"

"ಒತ್ತಬೇಕು ಅಂತ ನೀನು ಬಾಯಿ ಬಿಟ್ಯಾ? ಇನ್ನೊಂದು ಒತ್ತೇ."

ಒತ್ತಿದೆ. ಆ ನರ್ಸಿಗೆ ಬಿಸ್ಕತ್ತಿನ ಪೊಟ್ಟಣ ಹಿಡಿಸುವಷ್ಟು ಜೇಬು ಬೇಕಿತ್ತು. ಇನ್ನೊಬ್ಬಳಿಗೆ ತೋಳು ಸಡಿಲ. ಎಲ್ಲರೂ ಮೊದಲು ಒಳ್ಳೆಯ ಮಾತಾಡಿ, ಬೇಕಾದ್ದನ್ನು ಆಮೇಲೆ ಕೇಳಿದ್ದರು. ಒಳ್ಳೆಯ ಮಾತು ಮುಗಿಯುವ ಮೊದಲೇ ಚೌಕ ಮುಗಿದಿತ್ತು, ಉಳಿದದ್ದು ಒತ್ತಿದರೆ ಮಾತ್ರ ಕಾಣುತ್ತಿತ್ತು. ನಾನು ಮುಂದಿನದಕ್ಕೆ ಬೆರಳಿಟ್ಟೆ.

"ಅದು ಬೇಡ ಚಿಕ್ಕತ್ತೆ," ಎಂದು ಸೊಸೆ ಕೈ ಚಾಚಿದಳು. ಅಷ್ಟರಲ್ಲಿ ಅದು ಅರಳಿತ್ತು. ಅವಳದ್ದೇ. "ಎದುರಿಗೆ ಹೇಳಲು ಸಂಕೋಚ ಅತ್ತೆ, ನನಗೂ ಎರಡಿಂಚು."

ಅಕ್ಕ ಅವಳನ್ನು ನೋಡಿದರು. "ಮತ್ತೆ ಬಿಗಿಯಾದಾಗ ಯಾಕೆ ಕೇಳ್ಲಿಲ್ಲ?"

"ಬೇಕಂತಲೇ ಬಿಗಿ ಮಾಡಿದ್ರಿ ಅಂದ್ಕೊಂಡೆ," ಅಂದಳು ಸೊಸೆ, ನೆಲ ನೋಡುತ್ತ.

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಮೂವರೂ ಮಧ್ಯಾಹ್ನವೆಲ್ಲ ಚೌಕ ಒತ್ತುತ್ತ ನಕ್ಕೆವು, ಸಂಜೆಯಿಂದ ಹೊಲಿಗೆ ಬಿಚ್ಚಿದೆವು. ಸರಿಪಡಿಸಿ ಕಳಿಸಿದ್ದು ಯಾವುದೂ ವಾಪಸು ಬರಲಿಲ್ಲ. ಅಂಗಡಿ ಉಳಿಯಿತು. ಅಲ್ಲಿಂದ ಮುಂದೆ ಅಕ್ಕ ಯಾರದ್ದೇ ಬಟ್ಟೆಯಾಗಲಿ, ಸೊಂಟದ ಹೊಲಿಗೆಯ ಒಳಗೆ ಕೇಳದೆಯೇ ಒಂದಿಷ್ಟು ಬಟ್ಟೆ ಬಿಡುತ್ತಿದ್ದರು. ಬಂದ ಫಾರಂ ಓದುವ ಕೆಲಸ ನನ್ನ ಬೆರಳಿಗೇ ಬಿತ್ತು.

ಕೊನೆಗೆ ಅಕ್ಕ ಅದೇ ಆಸ್ಪತ್ರೆಯಲ್ಲಿ ಮಲಗಿದರು. ಕಣ್ಣು ಮಂಜಾಗಿತ್ತು, ಮಾತು ಕಡಿಮೆಯಾಗಿತ್ತು. ಒಂದು ಬೆಳಿಗ್ಗೆ ನರ್ಸೊಬ್ಬಳು ಬಾಟಲಿ ಬದಲಿಸಿ ಆಚೆ ಹೋದಳು. ಅಕ್ಕ ಬೆರಳಾಡಿಸಿ ಕರೆದರು. ನಾನು ಕಿವಿ ಕೊಟ್ಟೆ.

"ಆ ಎರಡಿಂಚಿನವಳು ಇವಳೇ ಕಣೇ. ಈಗ ಇನ್ನೊಂದಿಂಚು ಬೇಕು. ಒಳಗೆ ಬಟ್ಟೆ ಇದೆ, ಬಿಚ್ಚಿಕೊಡು. ಅವಳಾಗಿ ಕೇಳೋ ಹಾಗೆ ಮಾಡ್ಬೇಡ."